ತಕ್ಕಡಿ ಏರಿದ ಆಮೆ: ಗಿಲ್ಬರ್ಟ್ ವೈಟ್ ಮತ್ತು ತಿಮೊಥಿ

ಸಾಕಿದ ಆಮೆ ಆರೋಗ್ಯವಾಗಿದೆಯೇ ಎಂದು ತಿಳಿಯುವುದು ಸುಲಭವಲ್ಲ. ಅದು ಕೂಗುವುದಿಲ್ಲ, ನರಳುವುದಿಲ್ಲ. ಕಾಯಿಲೆ ಬಿದ್ದರೂ ಚಿಪ್ಪು ಮೊದಲಿನಂತೆಯೇ ಕಾಣುತ್ತದೆ. ಹಾಗಾಗಿ ಇಂದಿನ ಪಶುವೈದ್ಯರು ಮೊದಲು ಕೇಳುವುದು ತೂಕ. ತಿಂಗಳುಗಟ್ಟಲೆ ಬರೆದಿಟ್ಟ ತೂಕದ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಈ ಕೆಲಸವನ್ನು ಸುಮಾರು 250 ವರ್ಷಗಳ ಹಿಂದೆಯೇ, ಯಾರೂ ಹೇಳಿಕೊಡದೆ ಮಾಡಿದವರು ಇಂಗ್ಲೆಂಡಿನ ಹಳ್ಳಿಯ ಒಬ್ಬ ಪಾದ್ರಿ.

ಗಿಲ್ಬರ್ಟ್ ವೈಟ್ ಹುಟ್ಟಿದ್ದು 1720ರಲ್ಲಿ, ಹ್ಯಾಂಪ್‌ಶೈರ್‌ನ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿ. ಆಕ್ಸ್‌ಫರ್ಡ್‌ನ ಓರಿಯಲ್ ಕಾಲೇಜಿನಲ್ಲಿ ಓದಿದರು. ದೊಡ್ಡ ಹುದ್ದೆಗಳ ಹಿಂದೆ ಬೀಳದೆ ಊರಿಗೆ ಮರಳಿದರು, ಮದುವೆಯಾಗಲಿಲ್ಲ. 1751ರಿಂದ ತೋಟದ ದಿನಚರಿ, 1768ರಿಂದ ಪ್ರಕೃತಿಯ ದಿನಚರಿ ಬರೆಯುತ್ತ ಹೋದರು. ಇಂದು ಮಳೆ ಎಷ್ಟು, ಯಾವ ಹಕ್ಕಿ ಬಂತು, ಯಾವ ಹೂ ಅರಳಿತು ಎಂಬುದೇ ಅದರ ತುಂಬ. ನೋಡಲು ಒಂದೇ ಥರ ಇರುವ ಮೂರು ಪುಟ್ಟ ಉಲಿಯಕ್ಕಿಗಳನ್ನು ಅವುಗಳ ಹಾಡು ಕೇಳಿಯೇ ಬೇರೆ ಬೇರೆ ಜಾತಿ ಎಂದು ಗುರುತಿಸಿದ್ದು ಇದೇ ತಾಳ್ಮೆಯಿಂದ.

ಆಮೆ ಮೊದಲು ಅವರದ್ದಾಗಿರಲಿಲ್ಲ. ಸಸೆಕ್ಸ್‌ನ ರಿಂಗ್ಮರ್‌ನಲ್ಲಿದ್ದ ಅವರ ಅತ್ತೆ ರೆಬೆಕ್ಕಾ ಸ್ನೂಕ್ ಅದನ್ನು ಹಲವು ದಶಕಗಳಿಂದ ಸಾಕಿದ್ದರು. ಅತ್ತೆಯ ಮನೆಗೆ ಹೋದಾಗಲೆಲ್ಲ ವೈಟ್ ಅದನ್ನು ಗಮನಿಸುತ್ತಿದ್ದರು. ನವೆಂಬರ್‌ನಲ್ಲಿ ಅದು ಮಣ್ಣು ಅಗೆದು ಒಳಗೆ ಸೇರುವುದು ಎಷ್ಟು ನಿಧಾನವೆಂದು ನೋಡಿದರು. ಮಳೆಯ ಮೊದಲ ಹನಿಗೇ ಅದು ಓಡಿ ಅವಿತುಕೊಳ್ಳುವುದನ್ನೂ, ತನಗೆ ಊಟ ಹಾಕುವ ಮುದುಕಿಯನ್ನು ಕಂಡರೆ ಹತ್ತಿರ ಬರುವುದನ್ನೂ ಬರೆದಿಟ್ಟರು. ಬೆಳಿಗ್ಗೆ ಆಮೆ ಹುರುಪಿನಿಂದ ಮೇಯ್ದರೆ ರಾತ್ರಿಯೊಳಗೆ ಮಳೆ ಖಂಡಿತ ಎಂದೂ ಅವರು ನಂಬಿದ್ದರು. ಆದರೆ ಮಳೆ ಆಗಾಗ ಬೀಳುವ ಊರಿನಲ್ಲಿ ಇಂಥ ಭವಿಷ್ಯ ನಿಜವಾಗುವುದು ಕಷ್ಟವೇನಲ್ಲ.

1780ರಲ್ಲಿ ಅತ್ತೆ ತೀರಿಕೊಂಡರು. ಆ ಮಾರ್ಚ್‌ನಲ್ಲಿ ವೈಟ್ ಇನ್ನೂ ಶಿಶಿರನಿದ್ರೆಯಲ್ಲಿದ್ದ ಆಮೆಯನ್ನು ಅಗೆದು ತೆಗೆದರು. ಅದು ಬುಸುಗುಟ್ಟಿ ಸಿಟ್ಟು ತೋರಿಸಿತು. ಮಣ್ಣು ತುಂಬಿದ ಪೆಟ್ಟಿಗೆಯಲ್ಲಿಟ್ಟು, ಕುದುರೆ ಗಾಡಿಯಲ್ಲಿ 80 ಮೈಲಿ, ಅಂದರೆ ಸುಮಾರು 130 ಕಿಲೋಮೀಟರ್ ಸಾಗಿಸಿದರು. ಗಾಡಿಯ ಕುಲುಕಾಟಕ್ಕೆ ಪೂರ್ತಿ ಎಚ್ಚರವಾದ ಆಮೆ ಸೆಲ್ಬೋರ್ನ್‌ನ ತೋಟದಲ್ಲಿ ಎರಡು ಸುತ್ತು ನಡೆದು, ಸಂಜೆ ಚಳಿ ಹತ್ತಿದ ಕೂಡಲೇ ಮತ್ತೆ ಮಣ್ಣಿಗಿಳಿಯಿತು. ನಿದ್ದೆ ಮುಗಿಯದ ಆಮೆಯನ್ನು ಹೀಗೆ ಎಬ್ಬಿಸುವುದನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ. ಆದರೂ ಅದು ಬದುಕಿತು.

ಅಲ್ಲಿಂದ ಅದರ ಬದುಕು ದಿನಚರಿಯ ಪಾಲಾಯಿತು. ಯಾವ ದಿನ ಮಣ್ಣಿನಿಂದ ತಲೆ ಹೊರಹಾಕಿತು, ಯಾವಾಗ ಮೊದಲ ಊಟ ಮಾಡಿತು, ಯಾವಾಗ ಊಟ ಬಿಟ್ಟಿತು ಎಂಬುದೆಲ್ಲ ದಾಖಲಾಯಿತು. ಮತ್ತೆ ಮತ್ತೆ ತಕ್ಕಡಿಗೂ ಹಾಕಿದರು. ತೂಕ 6ರಿಂದ 7 ಪೌಂಡ್‌ಗಳ ನಡುವೆ, ಸುಮಾರು 3 ಕಿಲೋ ಇರುತ್ತಿತ್ತು. ಅವರು ಔನ್ಸ್‌ಗಳನ್ನೂ ಬಿಡದೆ ಬರೆದರು. ಔನ್ಸ್ ಎಂದರೆ ಸುಮಾರು 28 ಗ್ರಾಂ. ಅಷ್ಟು ಸೂಕ್ಷ್ಮ ಏಕೆ ಬೇಕು? ನಿದ್ದೆಯಲ್ಲಿರುವ ದೊಡ್ಡ ಆಮೆ ತಿಂಗಳಿಗೆ ತನ್ನ ತೂಕದ ಶೇ. 1ರಷ್ಟನ್ನು ಕಳೆದುಕೊಳ್ಳುವುದು ಸಹಜ. ಅದಕ್ಕಿಂತ ಬೇಗ ಇಳಿದರೆ ಮೈಯ ನೀರು ಬತ್ತುತ್ತಿದೆ ಎಂದೋ ಕಾಯಿಲೆ ಎಂದೋ ಅನುಮಾನಿಸಬೇಕು. 3 ಕಿಲೋ ಆಮೆಗೆ ಆ ಶೇ. 1 ಎಂದರೆ 30 ಗ್ರಾಂ, ಹೆಚ್ಚುಕಡಿಮೆ ಒಂದೇ ಔನ್ಸ್! ಆದರೆ ಒಂದು ದಿನದ ತೂಕವನ್ನು ನಂಬುವಂತಿಲ್ಲ. ಮೂತ್ರಕೋಶ ತುಂಬಿದ್ದರೆ, ಹೊಟ್ಟೆಯಲ್ಲಿ ಮೊಟ್ಟೆ ಇದ್ದರೆ ತಕ್ಕಡಿ ಮೋಸ ಮಾಡುತ್ತದೆ. ಅದಕ್ಕೇ ಚಿಪ್ಪಿನ ಉದ್ದವನ್ನೂ ಅಳೆದು, ಆ ಉದ್ದಕ್ಕೆ ಈ ತೂಕ ಸರಿಯೇ ಎಂದು ನೋಡುವ ಪದ್ಧತಿ 20ನೇ ಶತಮಾನದಲ್ಲಿ ಬಂತು. ಚಿಪ್ಪಿನ ಉಂಗುರ ಎಣಿಸಿ ವಯಸ್ಸು ಹೇಳುವುದನ್ನು ಮಾತ್ರ ನೆಚ್ಚಬೇಡಿ. ಒಂದೇ ವರ್ಷದಲ್ಲಿ ಎರಡು ಉಂಗುರ ಮೂಡಬಹುದು, ಮುದಿ ಆಮೆಯಲ್ಲಿ ಅವು ಸವೆದೂ ಹೋಗುತ್ತವೆ. (ನಮ್ಮಲ್ಲಿ ಅದೃಷ್ಟಕ್ಕೆಂದು ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಳ್ಳುವವರು ತೂಕ ನೋಡುವ ಮೊದಲು ಕಾನೂನು ನೋಡಲಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.)

ವೈಟ್ ಅವರ ಪ್ರಯೋಗಗಳೆಲ್ಲ ಇಷ್ಟು ಸೌಮ್ಯವಾಗಿರಲಿಲ್ಲ. ತಿಮೊಥಿಯನ್ನು ನೀರಿನ ತೊಟ್ಟಿಗೆ ಹಾಕಿ ನೋಡಿದರು. ಅದು ಈಜಲಾರದೆ ಗಾಬರಿಯಾಯಿತು. ಕನ್ನಡದಲ್ಲಿ ಎರಡನ್ನೂ ಆಮೆ ಎನ್ನುತ್ತೇವಾದರೂ ನೆಲದ ಆಮೆ ನೀರಿನ ಪ್ರಾಣಿಯಲ್ಲ. ದನಿ ದೊಡ್ಡದಾಗಿಸುವ ತುತ್ತೂರಿ ಹಿಡಿದು ಕೂಗಿದರೂ ಅದು ಲೆಕ್ಕಿಸಲಿಲ್ಲ. ಹಾಗೆಂದು ಆಮೆ ಕಿವುಡಲ್ಲ. ತಗ್ಗಿದ ಕಂಪನದ ಸದ್ದು ಅದಕ್ಕೆ ಚೆನ್ನಾಗಿ ಕೇಳುತ್ತದೆ.

1784ರಲ್ಲಿ ತಿಮೊಥಿ ತೋಟದಿಂದ ತಪ್ಪಿಸಿಕೊಂಡು, ಒಂದು ವಾರ ಹುಡುಕಾಟವಾದ ಮೇಲೆ ಸಿಕ್ಕಿತು. ವೈಟ್ ಅದೇ ವರ್ಷ ಆಮೆಯೇ ಬರೆದಂತೆ ಗೆಳೆಯರ ಮನೆಯ ಹುಡುಗಿಗೆ ಒಂದು ತಮಾಷೆಯ ಪತ್ರ ಬರೆದರು. ಸೆಲ್ಬೋರ್ನ್‌ನ ಪ್ರಕೃತಿ ಕುರಿತ ಅವರ ಪುಸ್ತಕದ ಮುಖಪುಟದಲ್ಲಿರುವ ವರ್ಷ 1789. ಆಮೆಯ ಚಳಿಗಾಲದ ನಿದ್ದೆಯನ್ನು ಅಷ್ಟು ಸರಿಯಾಗಿ ಬರೆದ ಅವರು, ಕೆಲವು ಬಾನಾಡಿಗಳೂ ಚಳಿಗಾಲದಲ್ಲಿ ವಲಸೆ ಹೋಗದೆ ಎಲ್ಲೋ ಅವಿತು ಮಲಗುತ್ತವೆ ಎಂಬ ಗುಮಾನಿಯನ್ನು ಕೊನೆಯವರೆಗೂ ಬಿಡಲಿಲ್ಲ. ಅದು ಸುಳ್ಳೆಂದು ಈಗ ಗೊತ್ತು.

ವೈಟ್ 1793ರ ಜೂನ್ 26ರಂದು ತೀರಿಕೊಂಡರು. ಮರುವರ್ಷ ತಿಮೊಥಿಯೂ ಸತ್ತಿತು. ಅದರ ಚಿಪ್ಪು ಈಗ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಗಂಡು ಆಮೆಯ ಹೊಟ್ಟೆಯ ಚಿಪ್ಪು ಸಾಮಾನ್ಯವಾಗಿ ಒಳಕ್ಕೆ ಬಾಗಿರುತ್ತದೆ, ಹೆಣ್ಣಿನದು ಚಪ್ಪಟೆ. 19ನೇ ಶತಮಾನದಲ್ಲಿ ಚಿಪ್ಪನ್ನು ಪರೀಕ್ಷಿಸಿದ ಪ್ರಾಣಿಶಾಸ್ತ್ರಜ್ಞರಿಗೆ ತಿಳಿದದ್ದು ಇಷ್ಟು: ಗಂಡು ಹೆಸರು ಹೊತ್ತು ವರ್ಷ ವರ್ಷ ತಕ್ಕಡಿ ಏರಿದ ತಿಮೊಥಿ, ಹೆಣ್ಣು.