ಬೆಳ್ಳಿಮೋಡದ ಇಂದಿರೆ: ಉಡುಗೆಗೆ ಅರ್ಥ ತುಂಬಿದ ಕಲ್ಪನಾ

ಮಾರ್ಚ್ ತಿಂಗಳ ಕೊನೆ. ಮೂಡಿಗೆರೆ, ಕಳಸ, ಚಿಕ್ಕಮಗಳೂರು ಸೀಮೆಯ ಬೆಳೆಗಾರರು ಆಕಾಶ ನೋಡುತ್ತ ಕೂರುವ ಕಾಲ. ಒಂದು ಹದವಾದ ಹೂಮಳೆ ಬಿದ್ದರೆ ಸಾಕು, ವಾರ ಹತ್ತು ದಿನಗಳಲ್ಲಿ ಕಾಫಿ ಗಿಡಗಳು ಕೊಂಬೆ ಕಾಣದಂತೆ ಬೆಳ್ಳಗೆ ಅರಳಿ ನಿಲ್ಲುತ್ತವೆ. ಮಲ್ಲಿಗೆಯನ್ನು ನೆನಪಿಸುವ ಪರಿಮಳ ಬೆಟ್ಟದಿಂದ ಬೆಟ್ಟಕ್ಕೆ ಹಬ್ಬುತ್ತದೆ. ಮೂರ್ನಾಲ್ಕು ದಿನಗಳಷ್ಟೇ, ಆಮೇಲೆ ಹೂವು ಕಂದಿ ಉದುರುತ್ತದೆ. ಇಷ್ಟು ಅಲ್ಪಾಯುಷ್ಯದ ಸೊಬಗು ಇಷ್ಟು ದೀರ್ಘವಾದ ನೆನಪನ್ನು ಬಿಟ್ಟುಹೋಗುವುದು ಒಂದು ಸೋಜಿಗ.

ಕನ್ನಡ ಚಿತ್ರರಂಗದಲ್ಲೂ ಅಂಥದೊಂದು ಸೋಜಿಗ ನಡೆದುಹೋಗಿದೆ. ಅದರ ಹೆಸರು ಕಲ್ಪನಾ. ಕನ್ನಡಿಗರು ಅಕ್ಕರೆಯಿಂದ ಮಿನುಗುತಾರೆ ಎಂದು ಕರೆದ ಈ ನಟಿ ಬದುಕಿದ್ದು ಮೂವತ್ತೈದು ವರ್ಷ ಮಾತ್ರ. ಆದರೆ ಅರವತ್ತು, ಎಪ್ಪತ್ತರ ದಶಕದ ಮಧ್ಯಮ ವರ್ಗದ ಹೆಣ್ಣುಮಕ್ಕಳು ಸೀರೆಯ ನೆರಿಗೆ, ರವಿಕೆಯ ತೋಳು, ತುರುಬಿನ ಎತ್ತರ ಇವನ್ನೆಲ್ಲ ನೋಡಿ ಕಲಿತದ್ದು ಬಹುಮಟ್ಟಿಗೆ ಆಕೆಯಿಂದ. ಆ ಪಾಠದ ಮೊದಲ ಪುಟ ತೆರೆದುಕೊಂಡದ್ದು ಇದೇ ಕಾಫಿ ಬೆಟ್ಟಗಳ ನಡುವೆ.

ಶರತ್ ಲತಾ ಕಲ್ಪನಾ ಆದದ್ದು

1943ರ ಜುಲೈ 18ರಂದು ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಹುಡುಗಿಗೆ ಮನೆಯವರು ಇಟ್ಟ ಹೆಸರು ಶರತ್ ಲತಾ. ಶರದೃತುವಿನ ಬಳ್ಳಿ ಎಂಬ ಅರ್ಥದ ಹೆಸರು ಹೊತ್ತವಳು ಮುಂದೆ ಪ್ರೇಕ್ಷಕರ ಮನಸ್ಸಿನಲ್ಲಿ ನಿಂತದ್ದು ವಸಂತದ ಚಿಗುರಾಗಿ! ಆಗ ಕನ್ನಡ ಚಿತ್ರಗಳ ಕಾರ್ಯಕ್ಷೇತ್ರವೆಲ್ಲ ಮದರಾಸು. ಅವಕಾಶ ಅರಸಿ ಅಲ್ಲಿಗೆ ಹೋದ ಆಕೆಗೆ ಹಾಸ್ಯನಟ ನರಸಿಂಹರಾಜು ನೆರವಾದರು. ಬಿ.ಆರ್. ಪಂತುಲು ಅವರ ‘ಸಾಕು ಮಗಳು’ ಚಿತ್ರದ ಮೂಲಕ 1963ರಲ್ಲಿ ಕಲ್ಪನಾ ಬೆಳ್ಳಿತೆರೆಗೆ ಬಂದರು.

ಮೊದಲ ಕೆಲವು ವರ್ಷ ಹೇಳಿಕೊಳ್ಳುವಂಥ ಏರಿಕೆಯೇನೂ ಆಗಲಿಲ್ಲ. ತಮಿಳಿನಲ್ಲೂ ಅದೃಷ್ಟ ಪರೀಕ್ಷಿಸಿದರು. 1966ರಲ್ಲಿ ತೆರೆಕಂಡ ‘ಮದ್ರಾಸ್ ಟು ಪಾಂಡಿಚೇರಿ’ ಚಿತ್ರದ ನಾಯಕಿ ಆಕೆಯೇ. ಆ ಕಾಲದಲ್ಲಿ ನಾಯಕಿಯ ಉಡುಪು ಎಂದರೆ ಎರಡೇ ದಾರಿ. ಒಂದು, ಪೌರಾಣಿಕ ಚಿತ್ರಗಳ ಜರತಾರಿ ವೈಭವ. ಇನ್ನೊಂದು, ಆಧುನಿಕತೆಯ ದಿಟ್ಟ ಪ್ರದರ್ಶನ. 1965ರ ‘ಮಿಸ್ ಲೀಲಾವತಿ’ಯಲ್ಲಿ ಜಯಂತಿ ಈಜುಡುಗೆ ತೊಟ್ಟು ನಾಡನ್ನೇ ಬೆಚ್ಚಿಬೀಳಿಸಿದ್ದರು. ಇವೆರಡರ ನಡುವೆ ಮತ್ತೊಂದು ದಾರಿ ಇದೆ, ಮನೆಯಲ್ಲೂ ಕಾಲೇಜಿನಲ್ಲೂ ಉಡಬಹುದಾದ ಸೀರೆಯಲ್ಲೇ ಹೊಸತನ ತರಬಹುದು ಎಂಬುದನ್ನು ತೋರಿಸಲು ಒಬ್ಬ ನಟಿ ಬೇಕಿತ್ತು.

ಬೆಟ್ಟದ ಮೇಲಿನ ಮನೆ

ಆ ಗಳಿಗೆ ಬಂದದ್ದು 1967ರಲ್ಲಿ, ‘ಬೆಳ್ಳಿಮೋಡ’ದೊಂದಿಗೆ. ಪಂತುಲು ಗರಡಿಯಲ್ಲೇ ಪಳಗಿದ್ದ ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರವದು. ಕಥೆ ತ್ರಿವೇಣಿಯವರದು. ಸ್ಟುಡಿಯೋದ ನಾಲ್ಕು ಗೋಡೆಗಳೊಳಗೆ ಸುತ್ತುತ್ತಿದ್ದ ಕನ್ನಡ ಚಿತ್ರರಂಗವನ್ನು ಪುಟ್ಟಣ್ಣ ಚಿಕ್ಕಮಗಳೂರಿನ ಗಿರಿಸಾಲಿಗೆ ಕರೆತಂದರು. ಮಂಜು, ಇಳಿಜಾರು, ತೋಟದ ಮನೆ ಎಲ್ಲವೂ ಪಾತ್ರಗಳಾದವು.

ಇಂದಿರಾ ಶ್ರೀಮಂತ ತೋಟದ ಮನೆಯ ಒಬ್ಬಳೇ ಮಗಳು. ಆಕೆಯ ತಂದೆಯ ಹಣದಿಂದ ಅಮೆರಿಕಕ್ಕೆ ಓದಲು ಹೋಗುವ ಮೋಹನನೊಂದಿಗೆ ಮದುವೆ ನಿಶ್ಚಯವಾಗಿದೆ. ಅಷ್ಟರಲ್ಲಿ ಮನೆಯಲ್ಲಿ ಗಂಡುಮಗು ಹುಟ್ಟುತ್ತದೆ, ತಾಯಿ ತೀರಿಕೊಳ್ಳುತ್ತಾಳೆ. ಆಸ್ತಿ ಇಂದಿರೆಯ ಪಾಲಿಗಿಲ್ಲವೆಂದು ತಿಳಿದಾಗ ಮೋಹನನ ಪ್ರೀತಿಯ ಬಣ್ಣ ಬಯಲಾಗುತ್ತದೆ. ಮುಂದೆ ಅಪಘಾತಕ್ಕೀಡಾದ ಅವನನ್ನು ಆಕೆ ಆರೈಕೆ ಮಾಡುತ್ತಾಳೆ. ಪಶ್ಚಾತ್ತಾಪದಿಂದ ಅವನು ಮರಳಿ ಕೈಚಾಚಿದಾಗ ಮಾತ್ರ ಒಲ್ಲೆನೆನ್ನುತ್ತಾಳೆ.

ಚಿತ್ರದ ಆರಂಭದಲ್ಲಿ ಚಿಗರೆಯಂತೆ ಓಡಾಡುವ ಹುಡುಗಿ ಕೊನೆಗೆ ಗಂಭೀರ ಹೆಣ್ಣಾಗಿ ನಿಲ್ಲುವ ಈ ಪಯಣವನ್ನು ಕಲ್ಪನಾ ಮುಖದಲ್ಲಷ್ಟೇ ಅಲ್ಲ, ನಿಲುವಿನಲ್ಲಿ, ಸೆರಗು ಹಿಡಿಯುವ ರೀತಿಯಲ್ಲಿ ಹೇಳಿದರು. ಅದು ಕಪ್ಪು ಬಿಳುಪಿನ ಕಾಲ. ಸೀರೆ ಹಸಿರೋ ನೀಲಿಯೋ ಎಂಬುದು ಪ್ರೇಕ್ಷಕರಿಗೆ ಕಾಣುವಂತಿರಲಿಲ್ಲ. ಉಳಿದದ್ದು ತಿಳಿ ಬಣ್ಣ ಮತ್ತು ಗಾಢ ಬಣ್ಣದ ಅಂತರ, ಅಂಚಿನ ಗೆರೆ, ಬಟ್ಟೆಯ ಬೀಳು. ಅಂಥ ಮಿತಿಯೊಳಗೆ ಸೊಗಸು ಕಾಣಬೇಕಾದರೆ ಉಟ್ಟದ್ದು ಚೊಕ್ಕವಾಗಿರಬೇಕು, ಅಳತೆ ಕರಾರುವಾಕ್ಕಾಗಿರಬೇಕು. ಕಲ್ಪನಾ ಶೈಲಿಯ ಬುನಾದಿ ಬಿದ್ದದ್ದು ಇಲ್ಲಿ ಎನ್ನಬಹುದು. ಈ ಪಾತ್ರ ಆಕೆಗೆ ರಾಜ್ಯ ಸರ್ಕಾರದ ಶ್ರೇಷ್ಠ ನಟಿ ಪ್ರಶಸ್ತಿಯನ್ನೂ ತಂದುಕೊಟ್ಟಿತು.

ಹಣ್ಣೆಲೆ ಚಿಗುರಿದ ಹೊತ್ತು

ಮರುವರ್ಷ, ಅಂದರೆ 1968ರಲ್ಲಿ, ಎಂ.ಆರ್. ವಿಠಲ್ ನಿರ್ದೇಶನದ ‘ಹಣ್ಣೆಲೆ ಚಿಗುರಿದಾಗ’ ಬಂತು. ಅದೂ ತ್ರಿವೇಣಿಯವರ ಕಾದಂಬರಿ. ನಾಯಕ ರಾಜ್‌ಕುಮಾರ್. ಕಲ್ಪನಾ ಇಲ್ಲಿ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಹೆಣ್ಣು. ಹೂವು, ಕುಂಕುಮ, ಬಣ್ಣದ ಸೀರೆ ಯಾವುದೂ ಆಕೆಗೆ ಸಲ್ಲದೆಂದು ಸಮಾಜ ತೀರ್ಮಾನಿಸಿಬಿಟ್ಟಿದ್ದ ಕಾಲದ ಕಥೆ.

ವಯಸ್ಸಿಗೆ ತಕ್ಕ ಉಡುಪು ಎಂಬ ಮಾತನ್ನು ನಾವು ಸಲೀಸಾಗಿ ಬಳಸುತ್ತೇವೆ. ಆದರೆ ನಮ್ಮ ಮನೆಗಳಲ್ಲಿ ಹೆಣ್ಣಿನ ಉಡುಪನ್ನು ಬಹುಕಾಲ ನಿರ್ಧರಿಸಿದ್ದು ವಯಸ್ಸಲ್ಲ, ಗಂಡ ಬದುಕಿದ್ದಾನೆಯೇ ಇಲ್ಲವೇ ಎಂಬ ಸಂಗತಿ. ಅರವತ್ತರ ಮುತ್ತೈದೆ ಹಸಿರು ಬಳೆ ತೊಟ್ಟು ಮಲ್ಲಿಗೆ ಮುಡಿಯಬಹುದಿತ್ತು. ಇಪ್ಪತ್ತರ ವಿಧವೆ ಮುಡಿಯುವಂತಿರಲಿಲ್ಲ. ಮರದಲ್ಲಿ ಚಿಗುರು ಮೂಡುವುದಕ್ಕೆ ಯಾರ ಅಪ್ಪಣೆಯೂ ಬೇಡ, ಹೆಣ್ಣಿನ ಬಾಳಿನಲ್ಲಿ ಮೂಡುವುದಕ್ಕೆ ಮಾತ್ರ ಊರಿನ ಅಪ್ಪಣೆ ಬೇಕು. ಈ ಅನ್ಯಾಯವನ್ನು ಕಲ್ಪನಾ ತೆರೆಯ ಮೇಲೆ ಕಾಣಿಸಿದರು. ಎರಡನೆಯ ರಾಜ್ಯ ಪ್ರಶಸ್ತಿ ಬಂದದ್ದು ಈ ಪಾತ್ರಕ್ಕೆ.

ಸಿಂಗಾರವೇ ಸೆರೆಮನೆಯಾದಾಗ

1969ರ ‘ಕಪ್ಪು ಬಿಳುಪು’ ಚಿತ್ರದಲ್ಲಿ ಪುಟ್ಟಣ್ಣ ಆಕೆಗೆ ದ್ವಿಪಾತ್ರ ಕೊಟ್ಟರು. ಒಂದೇ ಮುಖ, ಎರಡು ಸ್ವಭಾವ. ನೋಡುವವರಿಗೆ ವ್ಯತ್ಯಾಸ ತಿಳಿಯಬೇಕಾದರೆ ನಡೆ, ನುಡಿ, ಉಡುಗೆಗಳಿಂದಲೇ ತಿಳಿಯಬೇಕು.

ಅದೇ ವರ್ಷದ ‘ಗೆಜ್ಜೆಪೂಜೆ’ ಇನ್ನೂ ಆಳಕ್ಕಿಳಿಯಿತು. ಇದು ಎಂ.ಕೆ. ಇಂದಿರಾ ಅವರ ಕಥೆ. ತೀರ್ಥಹಳ್ಳಿ, ನರಸಿಂಹರಾಜಪುರದ ಮಲೆನಾಡು ಬದುಕನ್ನು ಕಂಡುಂಡ ಲೇಖಕಿ ಅವರು. ನಾಯಕಿ ಚಂದ್ರಾ ವೇಶ್ಯಾವೃತ್ತಿಯ ಮನೆಯಲ್ಲಿ ಬೆಳೆದವಳು. ಓದಿ, ಮದುವೆಯಾಗಿ, ಎಲ್ಲರಂತೆ ಬಾಳಬೇಕೆಂಬುದು ಆಕೆಯ ಆಸೆ. ಗೆಜ್ಜೆಪೂಜೆ ಎಂದರೆ ಹುಡುಗಿಯನ್ನು ಆ ವೃತ್ತಿಗೆ ಇಳಿಸುವ ಶಾಸ್ತ್ರ. ಮದುಮಗಳಂತೆ ಸಿಂಗರಿಸುತ್ತಾರೆ, ಆದರೆ ಮದುವೆಯಲ್ಲ. ಆ ರೇಷ್ಮೆ ಸೀರೆ, ಆ ಒಡವೆ ಬೇರೆ ಹುಡುಗಿಯರಿಗೆ ಸಂಭ್ರಮವಾದರೆ ಈಕೆಗೆ ಶಿಕ್ಷೆ. ಸಿಂಗಾರ ಹೆಣ್ಣಿನ ಇಚ್ಛೆಯಿಂದ ಬಂದಾಗ ಸೊಗಸು, ಹೇರಿದಾಗ ಸಂಕೋಲೆ ಎಂಬುದನ್ನು ಇಷ್ಟು ತೀಕ್ಷ್ಣವಾಗಿ ಹೇಳಿದ ಚಿತ್ರ ಕನ್ನಡದಲ್ಲಿ ವಿರಳ.

1971ರ ‘ಶರಪಂಜರ’ ವರ್ಣಚಿತ್ರ. ಕಲ್ಪನಾ ಅವರ ಸೀರೆಗಳ ಬಣ್ಣ ಕನ್ನಡಿಗರ ಕಣ್ಣಿಗೆ ತುಂಬಿ ಕಂಡಿತು. ಮಡಿಕೇರಿಯ ಕಿತ್ತಳೆ ತೋಟದ ಹಿನ್ನೆಲೆಯಲ್ಲಿ ನಕ್ಕು ನಲಿಯುವ ಕಾವೇರಿ, ಹೆರಿಗೆಯ ನಂತರ ಮನೋರೋಗಕ್ಕೆ ತುತ್ತಾಗುತ್ತಾಳೆ. ಗುಣವಾಗಿ ಮನೆಗೆ ಮರಳಿದರೂ ಮನೆಯವರ ಕಣ್ಣಿಗೆ ಆಕೆ ಹುಚ್ಚಿಯೇ. ಏನು ಮಾಡಿದರೂ ಅನುಮಾನ. ಕೊನೆಗೆ ಆ ಅನುಮಾನವೇ ಆಕೆಯನ್ನು ಮತ್ತೆ ಆಸ್ಪತ್ರೆಗೆ ಅಟ್ಟುತ್ತದೆ. ಮೂರನೆಯ ರಾಜ್ಯ ಪ್ರಶಸ್ತಿ ಈ ಪಾತ್ರಕ್ಕೆ ಸಂದಿತು.

ಇಲ್ಲೊಂದು ಗಮನಿಸಬೇಕಾದ ಸಂಗತಿಯಿದೆ. ಮೂರೂ ಪ್ರಶಸ್ತಿಗಳು ತ್ರಿವೇಣಿಯವರ ಕಾದಂಬರಿಗಳ ಪಾತ್ರಗಳಿಗೇ ಬಂದವು. ಆದರೆ ತ್ರಿವೇಣಿ 1963ರಲ್ಲೇ ತೀರಿಕೊಂಡಿದ್ದರು. ತಾವು ಕಾಗದದ ಮೇಲೆ ಕಡೆದ ಹೆಣ್ಣುಗಳಿಗೆ ಜೀವ ತುಂಬಿದ ನಟಿಯನ್ನು ಆ ಪಾತ್ರಗಳಲ್ಲಿ ನೋಡುವ ಭಾಗ್ಯ ಅವರಿಗಿರಲಿಲ್ಲ.

ತೋಳು, ತುರುಬು, ಉಂಗುರ

ಕಲ್ಪನಾ ಶೈಲಿ ಎಂದರೆ ಏನು? ಮೊದಲು ನೆನಪಾಗುವುದು ಉದ್ದ ತೋಳಿನ ರವಿಕೆ. ಉಳಿದವರು ತೋಳನ್ನು ಕಿರಿದುಗೊಳಿಸುತ್ತಿದ್ದ ಕಾಲದಲ್ಲಿ ಆಕೆ ಅದನ್ನು ಮಣಿಕಟ್ಟಿನವರೆಗೆ ಇಳಿಸಿದರು. ಕೆಲವೊಮ್ಮೆ ಭುಜದ ಬಳಿ ಬುಗ್ಗೆ. ಕುತ್ತಿಗೆ ಅಗಲವಾಗಿ, ದೋಣಿಯಾಕಾರದಲ್ಲಿ. ಎತ್ತರಕ್ಕೆ ಕಟ್ಟಿದ ತುರುಬು. ಬೆರಳಿಗೆ ದೊಡ್ಡ ಉಂಗುರ. ಸೀರೆಗೊಪ್ಪುವ ಬಳೆ, ಸರ.

ಇಂದಿನಂತೆ ವಸ್ತ್ರವಿನ್ಯಾಸಕರ ದಂಡು ಆಗ ಇರಲಿಲ್ಲ. ಇದ್ದದ್ದು ದರ್ಜಿ ಮತ್ತು ನಟಿಯ ಅಭಿರುಚಿ. ಕಲ್ಪನಾ ಅವರ ಅಭಿರುಚಿಯ ವಿಶೇಷವೆಂದರೆ ಅದು ಕೈಗೆಟುಕುವಂಥದ್ದು. ತೆರೆಯ ಮೇಲಿನ ಈಜುಡುಗೆಯನ್ನು ಹಾಸನದ ಗೃಹಿಣಿಯೋ ಧಾರವಾಡದ ಉಪನ್ಯಾಸಕಿಯೋ ತೊಡುವಂತಿರಲಿಲ್ಲ. ತೋಳಿನ ಅಳತೆಯನ್ನು ಮಾತ್ರ ಊರಿನ ದರ್ಜಿಗೆ ಹೇಳಿ ಬದಲಿಸಿಕೊಳ್ಳಬಹುದಿತ್ತು. ಹೊಸ ಸೀರೆ ಕೊಳ್ಳಲಾಗದಿದ್ದರೂ ರವಿಕೆಯೊಂದರಿಂದ ಹಳೆಯ ಸೀರೆಗೆ ಹೊಸ ಕಳೆ ಬರುತ್ತಿತ್ತು. ಹದಿನೆಂಟರ ಹುಡುಗಿಗೂ ಐವತ್ತರ ಹೆಂಗಸಿಗೂ ಒಪ್ಪುವ ಬದಲಾವಣೆಯದು. ಮಲೆನಾಡಿನಲ್ಲಂತೂ ಅದು ಉಪಯುಕ್ತವೂ ಹೌದು. ಚೈತ್ರದಲ್ಲೂ ಇಲ್ಲಿ ಬೆಳಗ್ಗೆ ಮಂಜು ಕವಿದಿರುತ್ತದೆ, ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ. ತೆಳು ಹತ್ತಿಯ ಉದ್ದ ತೋಳು ಎರಡನ್ನೂ ತಡೆಯುತ್ತದೆ.

ಮೂವತ್ತು ದಾಟಿದ ನಾಯಕಿ

ಶರಪಂಜರದ ನಂತರ ಪುಟ್ಟಣ್ಣ ಮತ್ತು ಕಲ್ಪನಾ ಮತ್ತೆ ಒಟ್ಟಿಗೆ ಚಿತ್ರ ಮಾಡಲಿಲ್ಲ. 1972ರ ‘ನಾಗರಹಾವು’ ಚಿತ್ರದಲ್ಲಿ ಪುಟ್ಟಣ್ಣನ ನಾಯಕಿ ಆರತಿ. ಮಂಜುಳಾ ಅವರಂಥ ಹೊಸಬರೂ ಮುಂದೆ ಬಂದರು. 1974ರ ‘ಎರಡು ಕನಸು’ ಚಿತ್ರದಲ್ಲಿ ರಾಜ್‌ಕುಮಾರ್ ಜತೆ, 1976ರ ‘ಬಯಲುದಾರಿ’ಯಲ್ಲಿ ಅನಂತನಾಗ್ ಜತೆ ಕಲ್ಪನಾ ಮಿಂಚಿದರೂ ಅವಕಾಶಗಳು ಕ್ರಮೇಣ ತಗ್ಗಿದವು.

ನಾಯಕನಿಗೆ ಐವತ್ತಾದರೂ ಕಾಲೇಜು ಹುಡುಗನ ಅಂಗಿ ಒಪ್ಪುತ್ತದೆ ಎನ್ನುವ ಚಿತ್ರರಂಗ, ನಾಯಕಿಗೆ ಮೂವತ್ತು ದಾಟಿದೊಡನೆ ಅಮ್ಮನ ಸೀರೆ ಹುಡುಕುತ್ತದೆ. ಹುಡುಗಿ, ವಿಧವೆ, ತಾಯಿ ಎಲ್ಲರ ಉಡುಪನ್ನೂ ಪಾತ್ರಕ್ಕಾಗಿ ಉಟ್ಟು ತೋರಿಸಿದ ಕಲ್ಪನಾಗೆ, ತನ್ನದೇ ಪ್ರಾಯದ ಹೆಣ್ಣಿನ ಪಾತ್ರ ಬೇಕಾದಾಗ ಅದನ್ನು ಬರೆದುಕೊಡುವವರು ಹೆಚ್ಚಿರಲಿಲ್ಲ.

ಆಕೆ ವೃತ್ತಿ ರಂಗಭೂಮಿಯತ್ತ ಹೊರಳಿದರು. ಉತ್ತರ ಕರ್ನಾಟಕದ ಊರೂರುಗಳಲ್ಲಿ ನಾಟಕವಾಡಿದರು. 1979ರ ಮೇ 12ರಂದು ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಬಳಿಯ ಗೋಟೂರಿನಲ್ಲಿ ಆ ಬದುಕು ಮುಗಿಯಿತು. ಮೂವತ್ತಾರು ತುಂಬಲು ಎರಡು ತಿಂಗಳು ಬಾಕಿಯಿತ್ತು. ಆ ಸಾವಿನ ಸುತ್ತ ಹಬ್ಬಿದ ಊಹಾಪೋಹಗಳು ಆಕೆಯ ಕಲೆಗಿಂತ ಹೆಚ್ಚು ಚರ್ಚೆಯಾದದ್ದು ಕನ್ನಡದ ದುರದೃಷ್ಟ.

ಎಪ್ಪತ್ತಕ್ಕೂ ಹೆಚ್ಚು ಚಿತ್ರಗಳು, ಮೂರು ರಾಜ್ಯ ಪ್ರಶಸ್ತಿಗಳು, ಜೊತೆಗೆ ಸಾವಿರಾರು ಮನೆಗಳ ಹಳೆಯ ಫೋಟೋ ಆಲ್ಬಮ್‌ಗಳು. ಅಮ್ಮನದೋ ಅಜ್ಜಿಯದೋ ಎಪ್ಪತ್ತರ ದಶಕದ ಚಿತ್ರವೊಂದನ್ನು ತೆಗೆದು ನೋಡಿ. ಉದ್ದ ತೋಳಿನ ರವಿಕೆ, ಎತ್ತರದ ತುರುಬು, ಕ್ಯಾಮೆರಾದ ಕಡೆಗೆ ಸ್ವಲ್ಪ ಓರೆಯಾದ ನೋಟ ಕಂಡರೆ ಅದರ ಹಿಂದೆ ಯಾರಿದ್ದಾರೆಂದು ಬೇರೆ ಹೇಳಬೇಕಿಲ್ಲ.

ಈ ಸಲ ಹೂಮಳೆ ಬಿದ್ದ ಮೇಲೆ ಗಿರಿಶ್ರೇಣಿಯ ಕಡೆಗೆ ಹೋದವರು ಕ್ಷಣಕಾಲ ಇಂದಿರೆಯನ್ನು ನೆನೆಯಲಿ. ಯಾರ ಮೆಚ್ಚುಗೆಗೂ ಕಾಯದೆ, ತನ್ನ ಪಾಡಿಗೆ ತಾನು ತಲೆಯೆತ್ತಿ ನಿಂತ ಆ ಹುಡುಗಿ ಅಲ್ಲಿನ ಬಿಳಿ ಹೂಗಳ ನಡುವೆ ಇಂದಿಗೂ ಚೆನ್ನಾಗಿಯೇ ಒಪ್ಪುತ್ತಾಳೆ.