ಮೂಸಾ ಬಿನ್ ಮೈಮೂನ್: ಪ್ರಾರ್ಥನೆಗೆ ಮನಸ್ಸು ಬೇಕೆಂದ ವೈದ್ಯ

ಯೆಹೂದಿಯರಿಗೆ ದಿನಕ್ಕೆ ಮೂರು ಹೊತ್ತು ಪ್ರಾರ್ಥನೆ. ಅದಕ್ಕೆ ಮುನ್ನ ಕೈ ತೊಳೆಯಬೇಕು, ಜೆರುಸಲೇಮಿನತ್ತ ಮುಖಮಾಡಿ ನಿಲ್ಲಬೇಕು. ಸಾಂಪ್ರದಾಯಿಕ ಕ್ರಮದಂತೆ ಸಾಮೂಹಿಕ ಪ್ರಾರ್ಥನೆಗೆ ಕನಿಷ್ಠ 10 ಮಂದಿ ವಯಸ್ಕ ಪುರುಷರು ಸೇರಬೇಕು. ಚದುರಿಹೋಗಿದ್ದ ಇಂಥ ನಿಯಮಗಳನ್ನು ಒಂದೆಡೆ ಕಲೆಹಾಕಿ ಬರೆದಿಟ್ಟ ಮಹಾನ್ ವಿದ್ವಾಂಸರು ಮೂಸಾ ಬಿನ್ ಮೈಮೂನ್. ಯುರೋಪಿನವರು ಅವರನ್ನು ಮೈಮೊನಿಡಿಸ್ ಎನ್ನುತ್ತಾರೆ.

1138ರ ಸುಮಾರಿಗೆ ಸ್ಪೇನಿನ ಕುರ್ತುಬಾ ನಗರದಲ್ಲಿ ಅವರ ಜನನ. ಅವರಿನ್ನೂ ಬಾಲಕರಾಗಿದ್ದಾಗ, 1148ರಲ್ಲಿ, ನಗರ ಮುವಹ್ಹಿದ್ ಅರಸರ ವಶವಾಯಿತು. ಅನ್ಯಧರ್ಮೀಯರಿಗೆ ಅಲ್ಲಿ ಬದುಕು ಕಷ್ಟವಾದಾಗ ಕುಟುಂಬ ಊರು ಬಿಟ್ಟಿತು. ಮೊರಾಕ್ಕೊದ ಫೆಝ್, ಫೆಲೆಸ್ತೀನಿನ ಅಕ್ಕಾ ದಾಟಿ ಕೊನೆಗೆ ಈಜಿಪ್ಟಿನ ಫುಸ್ತಾತ್‌ನಲ್ಲಿ ನೆಲೆ ನಿಂತಿತು. ಮುಸ್ಲಿಮರ ಆಳ್ವಿಕೆಯ ಈ ನಾಡಿನಲ್ಲೇ ಅವರಿಗೆ ಆಶ್ರಯವೂ ಗೌರವವೂ ದೊರೆತವು.

ವ್ಯಾಪಾರಿಯಾಗಿದ್ದ ತಮ್ಮ ದಾವೂದ್ ಮನೆಯ ಖರ್ಚು ನೋಡಿಕೊಳ್ಳುತ್ತಿದ್ದರು, ಅಣ್ಣ ಓದಿನಲ್ಲಿ ಮುಳುಗಿದ್ದರು. ಭಾರತದ ಕಡೆ ಹೊರಟ ದಾವೂದ್ ಹಿಂದೂ ಮಹಾಸಾಗರದಲ್ಲಿ ಮುಳುಗಿ ತೀರಿಕೊಂಡರು. ಆ ದುಃಖದಲ್ಲಿ ಮೂಸಾ ಸುಮಾರು ಒಂದು ವರ್ಷ ಹಾಸಿಗೆ ಹಿಡಿದರು. ಎದ್ದ ಮೇಲೆ ಸಂಸಾರ ಸಾಕಲು ವೈದ್ಯವೃತ್ತಿಗಿಳಿದರು. ಸುಲ್ತಾನ್ ಸಲಾಹುದ್ದೀನರ ಮಂತ್ರಿ ಅಲ್ ಖಾಝಿ ಅಲ್ ಫಾಝಿಲ್ ಅವರಿಗೆ ಆಸರೆಯಾದರು.

ಹಗಲು ಅರಮನೆ, ಸಂಜೆ ಮನೆ ಬಾಗಿಲಲ್ಲಿ ಕಾದಿರುವ ರೋಗಿಗಳು. ಯೆಹೂದಿಯರ ವಿಶ್ರಾಂತಿಯ ದಿನವಾದ ಶನಿವಾರ ಬೆಳಗಿನ ಪ್ರಾರ್ಥನೆ ಮುಗಿಸಿ ಬಂದ ಜನರಿಗೆ ಮಧ್ಯಾಹ್ನದವರೆಗೆ ಪಾಠ. 14 ಭಾಗಗಳ ಧರ್ಮಸಂಹಿತೆ 'ಮಿಶ್ನೆ ತೋರಾ' ಬರೆದವರೂ ಅವರೇ. ಮನಸ್ಸಿಲ್ಲದೆ ಬಾಯಲ್ಲಿ ಹೇಳಿದ್ದು ಪ್ರಾರ್ಥನೆಯೇ ಅಲ್ಲ ಎಂಬುದು ಅದರಲ್ಲಿ ಅವರ ಖಚಿತ ನಿಲುವು. ಪ್ರಯಾಣದ ದಣಿವಿನಿಂದಲೋ ಸಂಕಟದಿಂದಲೋ ಮನಸ್ಸು ಕದಡಿದ್ದರೆ ಅದು ತಿಳಿಯಾಗುವವರೆಗೆ ಕಾಯಬೇಕೆಂದು ವಿಧಿಸಿದರು.

ಇದು ಬರೀ ಬರಹವಾಗಲಿಲ್ಲ. 'ಅಮೀದಾ' ಎಂಬ ಮುಖ್ಯ ಪ್ರಾರ್ಥನೆಯನ್ನು ಮೊದಲು ಎಲ್ಲರೂ ನಿಂತು ಮೆಲ್ಲನೆ ಹೇಳಿ, ಬಳಿಕ ಮುಂದಾಳು ಗಟ್ಟಿಯಾಗಿ ಮತ್ತೆ ಹೇಳುವುದು ರೂಢಿ. ಎರಡನೆಯ ಬಾರಿ ಜನ ಹರಟೆಗಿಳಿಯುತ್ತಿದ್ದರು. ನೋಡಿದ ಮುಸ್ಲಿಮರು ಏನೆಂದುಕೊಂಡಾರು ಎಂದು ಅವರಿಗೆ ನಾಚಿಕೆಯಾಯಿತು. ಎರಡನ್ನೂ ಕೂಡಿಸಿ, ಮುಂದಾಳಿನೊಂದಿಗೆ ಎಲ್ಲರೂ ಒಂದೇ ಸಲ ಪ್ರಾರ್ಥಿಸುವಂತೆ ಮಾಡಿದರು. ಹಳೆಯ ರೂಢಿಯನ್ನು ಮುಟ್ಟುವುದು ಸಣ್ಣ ಮಾತಲ್ಲ.

ಹೊಸದಾಗಿ ಯೆಹೂದಿ ಧರ್ಮ ಸೇರಿದ ಒಬಾದ್ಯ ಎಂಬವರಿಗೆ ಒಂದು ಅಳುಕು: ಪ್ರಾರ್ಥನೆಯಲ್ಲಿ ಪೂರ್ವಜರ ದೇವನನ್ನು ತಮ್ಮ ಪೂರ್ವಜರ ದೇವನೆಂದು ಕರೆಯಬಹುದೇ? ಧಾರಾಳವಾಗಿ ಕರೆಯಬಹುದು, ಏಕದೇವನನ್ನು ನಂಬಿ ಬಂದವರಿಗೆಲ್ಲ ಇಬ್ರಾಹೀಮರೇ (ಅ) ತಂದೆ ಎಂದು ಮೂಸಾ ಉತ್ತರಿಸಿದರು. ಮುಸ್ಲಿಮರು ವಿಗ್ರಹಾರಾಧಕರಲ್ಲ, ಅವರದು ಶುದ್ಧ ಏಕದೇವಾರಾಧನೆ ಎಂದೂ ಅವರಿಗೇ ಸ್ಪಷ್ಟವಾಗಿ ಬರೆದರು.

1204ರಲ್ಲಿ ಮೂಸಾ ನಿಧನರಾದರು. ದೇವನ ಹೆಸರಿರುವ ಕಾಗದವನ್ನು ಯೆಹೂದಿಯರು ಕಸಕ್ಕೆ ಎಸೆಯುವುದಿಲ್ಲ. ಫುಸ್ತಾತ್‌ನ ಪ್ರಾರ್ಥನಾಲಯದಲ್ಲಿ ಹಾಗೆ ಕೂಡಿಟ್ಟ ರಾಶಿಯಲ್ಲಿ ಅವರ ಕೈಬರಹ ಸಿಕ್ಕಿದೆ. ಅದೇ ರಾಶಿಯಲ್ಲಿ, 12ನೇ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲಿ ನೆಲೆಸಿದ್ದ ಯೆಹೂದಿ ವರ್ತಕ ಅಬ್ರಹಾಂ ಬಿನ್ ಯಿಜುವಿನ ಪತ್ರಗಳೂ ಸಿಕ್ಕಿವೆ. ಅಲ್ಲಾಹನ ಹೆಸರಿರುವ ಕಾಗದ ಕಾಲಡಿ ಬೀಳದಂತೆ ಎತ್ತಿಡುವ ನಮ್ಮ ಮನೆಯ ಹಿರಿಯರಿಗೆ ಈ ಮರ್ಯಾದೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.