ಬಂಡಿಗಾರನ ಮಗ ಹಾರ್ಲೆ ಅರ್ಲ್

ಐರಣಿಯಲ್ಲಿ ನಮ್ಮ ತಂದೆಯವರು ಚಕ್ಕಡಿ ಮಾಡುವ ಬಡಿಗರು. ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ಆ ಕಸುಬನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿತ್ತು. ಹಾರ್ಲೆ ಅರ್ಲನ ಜೀವನವನ್ನು ಓದಿದ ಮೇಲೆ ಅದು ಹೋಯಿತು.

1893ರಲ್ಲಿ ಅಮೇರಿಕೆಯ ಲಾಸ್ ಏಂಜಲೀಸಿನಲ್ಲಿ ಜನಿಸಿದ ಈತನ ತಂದೆಯೂ ಕುದುರೆಗಾಡಿ ಮಾಡುವವನೇ. ತಂದೆಯ ಬಳಿ ಕೆಲಸ ಕಲಿತ ಅರ್ಲನು 1927ರಲ್ಲಿ ಜನರಲ್ ಮೋಟರ್ಸಿನ ವಿನ್ಯಾಸ ವಿಭಾಗದ ಮುಖ್ಯಸ್ಥನಾದನು. ಕಾಗದದ ಚಿತ್ರವನ್ನು ಎಲ್ಲರೂ ಒಂದೇ ಬಗೆಯಾಗಿ ಅರಿಯಲಾರರು. ಆದುದರಿಂದ ಕಾರಿನ ರೂಪವನ್ನು ಜೇಡಿಮಣ್ಣಿನಲ್ಲಿ ಮಾಡಿಸಿ, ಹಲವರು ಸುತ್ತ ನಿಂತು ತಿದ್ದುವ ಪದ್ಧತಿಯನ್ನು ಬೆಳೆಸಿದನು. ಒಳಾಂಗಣದ ವಿನ್ಯಾಸಕ್ಕೆ ಸ್ತ್ರೀಯರನ್ನೂ ನೇಮಿಸಿದನು. 1958ರಲ್ಲಿ ನಿವೃತ್ತನಾಗಿ, 1969ರಲ್ಲಿ ತೀರಿಕೊಂಡನು.

ಇಂದು ದೂರದೂರದವರು ಗಣಕಯಂತ್ರದಲ್ಲಿ ಕೂಡಿ ಕಾರಿನ ಒಳಗನ್ನು ರೂಪಿಸುತ್ತಾರೆ. ಆದರೂ ಮಣ್ಣಿನ ಮಾದರಿ ಉಳಿದಿದೆ. ನಮ್ಮ ರೈತರೂ ತಂದೆಯವರ ಪಕ್ಕದಲ್ಲಿ ಕುಳಿತೇ ಚಕ್ಕಡಿಯ ಅಳತೆ ತಿದ್ದಿಸುತ್ತಾರೆ. ಈ ರಜೆಯಲ್ಲಿ ನಾನೂ ಬಾಚಿ ಹಿಡಿಯುವೆನು.